ಕಬ್ಬಿಲ್ಲದ ಬೆಲ್ಲ

ನನ್ನ ಅಕ್ಕನ ಮಗ ಕ್ಯಾತನಹಳ್ಳಿಯ ಜಗಲಿ ಮೇಲೆ ಕೂತು, ಒಂದು ಲೋಟ ಟೀ ಮುಗಿಸುವಷ್ಟರಲ್ಲಿ ಇನ್ನೂರು ಸಂಶೋಧನಾ ಲೇಖನ ಓದಿಬಿಟ್ಟ. ಟೀ ಒಸಿ ಬಿಸಿ ಇತ್ತು, ಇಲ್ಲದಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತಂತೆ.

"ಇನ್ನೂರೂ ಓದ್ಬುಟ್ಟೇನ್ಲಾ?" ಅಂದೆ.

"ನಾನ್ಯಾಕ್ ಓದ್ಲಿ ಮಾವ? ಮೊಬೈಲ್ನಲ್ಲಿರೋ ಎಐನೇ ಓದ್ತು. ನಂಗೆ ಸಾರಾಂಶ ಕೊಡ್ತು. ಸಾರಾಂಶ ಉದ್ದ ಆಯ್ತು ಅಂತ ಅದ್ರದ್ದೂ ಒಂದು ಸಾರಾಂಶ ತಕ್ಕಂಡೆ."

"ಅದನ್ನಾದ್ರೂ ಓದ್ದಾ?"

"ಇಯರ್‌ಫೋನ್ ಹಾಕ್ಕಂಡ್ ಕೇಳ್ದೆ. ನಡುವೆ ಒಂದು ಫೋನ್ ಬಂತು, ಒಸಿ ತಪ್ಪೋಯ್ತು."

ಹುಡುಗನ ಪಿಎಚ್‌ಡಿ ವಿಷಯ ಮಂಡ್ಯ ಜಿಲ್ಲೆಯ ಆಲೆಮನೆಗಳು. ಅವನು ಕೂತಿದ್ದ ಜಗಲಿಯಿಂದ ಗದ್ದೆ ಬದುವಿನ ಮೇಲೆ ಕಾಲು ಗಂಟೆ ನಡೆದರೆ ಆಲೆಮನೆ. ಗಾಳಿ ಈ ಕಡೆಗೆ ತಿರುಗಿದಾಗಲೆಲ್ಲ ಪಾಕದ ವಾಸನೆ ಬಂದು ಅವನ ಮೂಗಿಗೇ ಬಡಿಯುತ್ತಿತ್ತು. ಅವನು ಮೂಗು ಉಜ್ಜಿಕೊಂಡು ಮೊಬೈಲಿನಲ್ಲಿ ಕೇಳುತ್ತಿದ್ದ: ಆಲೆಮನೆ ಎಂದರೇನು?

ಆಲೆಮನೆ ಎಂದರೇನು ಎಂದು ನಾನೇ ಹೇಳುತ್ತೇನೆ, ಮುಂದಿನ ಮಾತಿಗೆ ಬೇಕಾಗುತ್ತದೆ. ಒಂದು ಟನ್ ಕಬ್ಬು ಅರೆದು ಕಾಯಿಸಿದರೆ ಸಿಗುವುದು ನೂರು ಕಿಲೋ ಆಚೀಚೆ ಬೆಲ್ಲ. ಉಳಿದದ್ದೆಲ್ಲ ಸಿಪ್ಪೆ, ಕೊಳೆ, ಹಬೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಬಿಟ್ಟು ಮೇಲೆ ಬಂದ ಕೊಳೆ ತೆಗೆಯುತ್ತಾರೆ. ಪಾಕ ಗಟ್ಟಿಯಾಗುತ್ತಾ ಬಂದಾಗ ಹದ ನೋಡುವ ಹಿರಿಯರೊಬ್ಬರು ತಣ್ಣೀರಿಗೆ ನಾಲ್ಕು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಒಂದು ನಿಮಿಷ ಹೆಚ್ಚಾದರೆ ಸೀದುಹೋಗುತ್ತದೆ, ಒಂದು ನಿಮಿಷ ಕಮ್ಮಿಯಾದರೆ ಅಚ್ಚು ಹಿಡಿಯುವುದಿಲ್ಲ. ಸಾರಾಂಶ ಅಂದರೂ ಇದೇ ಕೆಲಸ. ಹತ್ತರಲ್ಲಿ ಒಂಬತ್ತು ಪಾಲು ಬಿಡಬೇಕು, ಆದರೆ ಯಾವ ಒಂಬತ್ತು ಅಂತ ಗೊತ್ತಿರಬೇಕು. ಹಾಗಾಗಿ ಸಾರಾಂಶದ ಮೇಲೆ ನನಗೆ ಸಿಟ್ಟಿಲ್ಲ. ಮಂಡ್ಯದವನಾಗಿ ಸಾರ ಇಳಿಸುವ ಕಸುಬನ್ನು ಬೈದರೆ ಊಟ ಬೈದ ಹಾಗೆ.

ಆದರೆ ನಮ್ಮ ಕಡೆ ಇನ್ನೊಂದು ಕಸುಬೂ ಇದೆ. ಬೆಲ್ಲ ಹೊಳೆಯಲಿ ಎಂದು ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವುದು. ಕಬ್ಬಿನ ಹಾಲು ಸಾಲದಿದ್ದರೆ ಸಕ್ಕರೆ ಮೂಟೆಯನ್ನೇ ಕೊಪ್ಪರಿಗೆಗೆ ಸುರಿಯುವುದು. ಕಬ್ಬನ್ನು ಬರೀ ವಾಸನೆ ತೋರಿಸುವ ಮಟ್ಟಿಗೆ ಇಟ್ಟು ಅಚ್ಚು ಹೊಯ್ದರೆ, ಆಹಾ, ಚಿನ್ನದ ಬಣ್ಣ! ನೆಟ್ಟಗೆ ಕಾಯಿಸಿದ ಬೆಲ್ಲ ಅದರ ಪಕ್ಕದಲ್ಲಿ ಕಂದುಬಣ್ಣಕ್ಕೆ, ಬಿಸಿಲಲ್ಲಿ ದುಡಿದು ಬಂದವರ ಹಾಗೆ ಕಾಣುತ್ತದೆ. ಗಿರಾಕಿ ಯಾವುದನ್ನು ಎತ್ತಿಕೊಳ್ಳುತ್ತಾನೆ ಅಂತ ಕೇಳಬೇಕೆ? ಆಗಾಗ ಅಧಿಕಾರಿಗಳು ದಾಳಿ ಮಾಡುತ್ತಾರೆ, ಪತ್ರಿಕೆಯಲ್ಲಿ ಮೂಟೆಗಳ ಫೋಟೊ ಬರುತ್ತದೆ, ಮಾರನೇ ದಿನ ಕೊಪ್ಪರಿಗೆ ಮತ್ತೆ ಕುದಿಯುತ್ತದೆ.

ಅಕ್ಕನ ಮಗನ ಮೊಬೈಲಿನಿಂದ ಇಳಿದ ಬೆಲ್ಲ ಈ ಎರಡನೇ ಜಾತಿಯದು. ಅವನ ಅಧ್ಯಾಯದ ಗ್ರಂಥಋಣದಲ್ಲಿ ಅರವತ್ತು ಹೆಸರಿದ್ದವು. ಒಂದೊಂದಕ್ಕೂ ಇಸವಿ, ಸಂಪುಟ, ಸಂಚಿಕೆ, ಪುಟ, ಎಲ್ಲ ಅಚ್ಚುಕಟ್ಟು. ಮಂಡ್ಯ ಬೆಲ್ಲದ ಬಣ್ಣದ ಬಗ್ಗೆ ಒಂದು ಲೇಖನ ನನ್ನ ಕಣ್ಣಿಗೆ ಬಿತ್ತು. ಮೂವರು ಲೇಖಕರು: ಒಬ್ಬರು ಗೌಡರು, ಇನ್ನೊಬ್ಬರೂ ಗೌಡರು, ಮೂರನೆಯವರು "ಮತ್ತಿತರರು". ಇಷ್ಟು ಮಂಡ್ಯದ ಸೊಗಡಿರುವ ಲೇಖನ ಸುಳ್ಳಾಗಿರಲು ಸಾಧ್ಯವೇ ಇಲ್ಲ ಅಂದುಕೊಂಡು ಹುಡುಕಿದೆ. ಪತ್ರಿಕೆ ಇತ್ತು. ಆ ವರ್ಷದ ಸಂಪುಟ ಇತ್ತು. ಆ ಪುಟಗಳೂ ಇದ್ದವು, ಅಲ್ಲಿ ಬೇರೆ ಯಾರೋ ಭತ್ತದ ಬೆಂಕಿರೋಗದ ಬಗ್ಗೆ ಬರೆದಿದ್ದರು. ಗೌಡರೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ.

"ಯಾವನ್ಲಾ ಇದನ್ನ ಬರ್ದೋನು? ಕೇಳು ಅದನ್ನ" ಅಂದೆ. ಹುಡುಗ ಕೇಳಿದ. ಯಂತ್ರ ತಕ್ಷಣ ಕೈಮುಗಿಯಿತು: ತಪ್ಪಾಯಿತು, ನೀವು ಗಮನಿಸಿದ್ದು ಬಹಳ ಸರಿಯಾಗಿದೆ, ಸರಿಯಾದ ಲೇಖನ ಇದು ನೋಡಿ. ಅದೂ ಇರಲಿಲ್ಲ. ಮತ್ತೆ ತಪ್ಪಾಯಿತು, ಮತ್ತೆ ಇಲ್ಲದ ಇನ್ನೊಂದು. ಐವತ್ತು ವರ್ಷದ ನನ್ನ ಓಡಾಟದಲ್ಲಿ ಇಷ್ಟು ವಿನಯವಾಗಿ ಸುಳ್ಳು ಹೇಳಿದವರನ್ನು ನಾನು ಚುನಾವಣೆಯ ಹೊತ್ತಿನಲ್ಲಿ ಬಿಟ್ಟರೆ ಕಂಡಿಲ್ಲ.

ಅದರ ತಪ್ಪೂ ಅಲ್ಲ ಅನ್ನಿ. ಅದರ ಹುಟ್ಟುಗುಣವೇ ಒಂದು ಪದದ ಬೆನ್ನಿಗೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ಕೂಡಿಸುತ್ತಾ ಹೋಗುವುದು. ಮಂಡ್ಯ ಅಂದ ಮೇಲೆ ಬೆಲ್ಲ ಹೊಂದುತ್ತದೆ, ಬೆಲ್ಲ ಅಂದ ಮೇಲೆ ಗೌಡರು ಹೊಂದುತ್ತಾರೆ, ಗೌಡರ ಹೆಸರಾದ ಮೇಲೆ ಒಂದು ಇಸವಿ ಬೇಕೇ ಬೇಕು. ಹೊಂದುವುದು ಬೇರೆ, ಇರುವುದು ಬೇರೆ. ಈಗ ಅದಕ್ಕೆ ಹುಡುಕುವ ಯಂತ್ರ ಜೋಡಿಸಿದ್ದಾರೆ, ನಿಜವಾದ ಲೇಖನಗಳ ಕಣಜಕ್ಕೆ ಕೊಳವೆ ಹಾಕಿದ್ದಾರೆ, ಗ್ರಂಥಋಣದ ಸುಳ್ಳು ಕಮ್ಮಿಯಾಗಿದೆ. ಆದರೆ ಲೇಖನ ನಿಜವಿದ್ದು ಅದರೊಳಗೆ ಇಲ್ಲದ ಮಾತನ್ನು ಅದರ ಬಾಯಿಗೆ ತುರುಕುವ ಚಾಳಿ ಪೂರ್ತಿ ಬಿಟ್ಟಿಲ್ಲ. ಇದನ್ನು ಹಿಡಿಯುವುದು ಇನ್ನೂ ಕಷ್ಟ, ಯಾಕೆಂದರೆ ಹಿಡಿಯಬೇಕಾದರೆ ಲೇಖನ ಓದಬೇಕು!

ನಮ್ಮ ಹುಡುಗನೊಬ್ಬನೇ ದಡ್ಡ ಅಂತ ತಿಳಿಯಬೇಡಿ, ಅವನಿಗೆ ದೊಡ್ಡವರ ಜೊತೆ ಇದೆ. 2022ರ ನವೆಂಬರಿನಲ್ಲಿ ಮೆಟಾ ಕಂಪನಿ ಗೆಲಾಕ್ಟಿಕ ಎಂಬ ಯಂತ್ರ ಬಿಟ್ಟಿತು. 4.8 ಕೋಟಿ ಸಂಶೋಧನಾ ಲೇಖನ, ಪಠ್ಯಪುಸ್ತಕ ಇತ್ಯಾದಿ ತಿನ್ನಿಸಿದ್ದೇವೆ, ವಿಜ್ಞಾನದ ಸಾರಾಂಶ ಬರೆಯುತ್ತದೆ ಎಂದರು. ಅದು ಬಾಹ್ಯಾಕಾಶಕ್ಕೆ ಹೋದ ಕರಡಿಗಳ ಚರಿತ್ರೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಟ್ಟಿತು. ಮೂರೇ ದಿನಕ್ಕೆ ಅಂಗಡಿ ಮುಚ್ಚಿದರು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು.

ಅಮೆರಿಕ ದೂರ ಅನ್ನುವವರಿಗೆ ಬೆಂಗಳೂರಿದೆ. 2024ರ ಡಿಸೆಂಬರ್ ಕೊನೆಗೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಟ್ರಸ್ಟೊಂದರ ಪ್ರಕರಣದಲ್ಲಿ ಆದೇಶ ಹೊರಡಿಸಿತು. ಅದರಲ್ಲಿ ಆಧಾರವಾಗಿ ಹೇಳಿದ್ದ ಸುಪ್ರೀಂ ಕೋರ್ಟ್, ಮದ್ರಾಸ್ ಹೈಕೋರ್ಟ್ ತೀರ್ಪುಗಳನ್ನು ಹುಡುಕಿಹೋದವರು ಬರಿಗೈಯಲ್ಲಿ ಬಂದರು. ಕೆಲವೇ ದಿನದಲ್ಲಿ ಆದೇಶವನ್ನೇ ಹಿಂದಕ್ಕೆ ಪಡೆಯಬೇಕಾಯಿತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್, ನಗರದ ಸಿವಿಲ್ ನ್ಯಾಯಾಲಯವೊಂದು ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು ಕಂಡು ವಿಚಾರಣೆ ಆಗಲಿ ಎಂದರು. ಅವನ್ನು ಯಾರು ಹುಟ್ಟಿಸಿದರು, ಮನುಷ್ಯರೋ ಯಂತ್ರವೋ, ಅದು ವಿಚಾರಣೆ ಮಾಡುವವರಿಗೆ ಬಿಟ್ಟದ್ದು. ಇಲ್ಲದ ಸಾಕ್ಷಿ ಹೇಳಿಸುವುದಕ್ಕೆ ಮೊದಲಾದರೆ ಕೋರ್ಟಿನ ಹೊರಗೆ ಹೋಟೆಲಿನಲ್ಲಿ ಒಬ್ಬರಿಗೆ ತಿಂಡಿ ಕೊಡಿಸಬೇಕಿತ್ತು.

ಇಷ್ಟಕ್ಕೆ ಯಂತ್ರವನ್ನು ಬೈದು ಮುಗಿಸಿದರೆ ಅದು ಅನ್ಯಾಯ. ಅದು ಎಲ್ಲಿ ಕಲಿಯಿತು? ನಮ್ಮಲ್ಲೇ. ಓದದೆ ಬರೆಯುವುದು, ಬರೆದದ್ದನ್ನು ಓದದೆ ಒಪ್ಪುವುದು, ಒಪ್ಪಿದ್ದನ್ನು ಬೈಂಡು ಹಾಕಿಸಿ ಬೀರುವಿನಲ್ಲಿ ಬೀಗ ಹಾಕುವುದು ನಮ್ಮ ಹಳೆಯ ಗೃಹ ಕೈಗಾರಿಕೆ. ಪಿಎಚ್‌ಡಿ ಬರೆದುಕೊಡಲಾಗುವುದು ಎಂಬುದು ಜೆರಾಕ್ಸ್ ಅಂಗಡಿಯ ಪಿಸುಮಾತಾಗಿದ್ದ ಕಾಲದಲ್ಲಿ ಯಾವ ಕೃತಕ ಬುದ್ಧಿಯೂ ಇರಲಿಲ್ಲ, ಅಸಲಿ ಬುದ್ಧಿಯೇ ಸಾಕಾಗಿತ್ತು. ಆಮೇಲೆ ಯುಜಿಸಿ 2018ರಲ್ಲಿ ಕೃತಿಚೌರ್ಯಕ್ಕೆ ಅಳತೆಗೋಲು ತಂದಿತು: ಶೇ 10ರವರೆಗೆ ಹೋಲಿಕೆಗೆ ಶಿಕ್ಷೆ ಇಲ್ಲ, ಶೇ 40ರವರೆಗೆ ತಿದ್ದಿ ತರಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಓದಿದವರು ಇದನ್ನು ಕಳ್ಳತನಕ್ಕೆ ಕಡಿವಾಣ ಅಂದುಕೊಂಡರು, ಬುದ್ಧಿವಂತರು ಶೇ 10ರ ಪರ್ಮಿಟ್ ಅಂತ ಓದಿಕೊಂಡರು. ಈಗ ಆ ಚಿಂತೆಯೂ ಇಲ್ಲ. ಇಲ್ಲದ ಲೇಖನದಿಂದ ಕದ್ದರೆ ಯಾವ ತಂತ್ರಾಂಶ ಹಿಡಿಯುತ್ತದೆ? ನನ್ನ ಅಕ್ಕನ ಮಗನ ಅಧ್ಯಾಯಕ್ಕೆ ಹೋಲಿಕೆ ಶೇ 2 ಬಂತು. ಅವರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು, ನನ್ನ ಮಗ ಅಪ್ಪಟ ಸ್ವಂತ ಬುದ್ಧಿಯವನು ಅಂತ.

2024ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆ ಎಲ್ಸೆವಿಯರ್‌ನ ಪತ್ರಿಕೆಯೊಂದರಲ್ಲಿ ಲಿಥಿಯಂ ಬ್ಯಾಟರಿಯ ಬಗ್ಗೆ ಒಂದು ಲೇಖನ ಬಂತು. ಅದರ ಪೀಠಿಕೆ ಶುರುವಾಗಿದ್ದು, ಖಂಡಿತ, ನಿಮ್ಮ ವಿಷಯಕ್ಕೆ ಹೊಂದುವ ಪೀಠಿಕೆ ಇಗೋ ಇಲ್ಲಿದೆ ಎನ್ನುವ ಯಂತ್ರದ ಮಾತಿನಿಂದಲೇ. ಬರೆದವರು ಓದಿರಲಿಲ್ಲ, ಪರಿಶೀಲಿಸಿದವರು ಓದಿರಲಿಲ್ಲ, ಸಂಪಾದಕರೂ ಓದಿರಲಿಲ್ಲ. ಅಚ್ಚಾದ ಮೇಲೆ ಯಾರೋ ಕೆಲಸವಿಲ್ಲದವರು ಮೊದಲ ಸಾಲು ಓದಿ ಎಲ್ಲರ ಮಾನ ಕಳೆದರು.

ಇನ್ನೊಂದು ತಮಾಷೆ. ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಎಂಬ ಹೆಸರು ಹಲವು ಲೇಖನಗಳಲ್ಲಿ ಕಾಣಿಸಿಕೊಂಡಿತು. ಅಂಥ ಉಪಕರಣ ಭೂಮಿಯ ಮೇಲಿಲ್ಲ. 1950ರ ದಶಕದ ಹಳೆಯ ಲೇಖನದಲ್ಲಿ ಎಡಗಡೆ ಅಂಕಣದ ಒಂದು ಪದವನ್ನು ಬಲಗಡೆ ಅಂಕಣದ ಪದಗಳಿಗೆ ಯಂತ್ರ ಅಡ್ಡಲಾಗಿ ಅಂಟಿಸಿ ಓದಿದ್ದು ಅದರ ಒಂದು ಮೂಲ ಎನ್ನುತ್ತಾರೆ. ಇದು ನಮಗೆ ಹೇಗೆ ಕೇಳಬಹುದು? ಪತ್ರಿಕೆಯ ಎಡ ಅಂಕಣದಲ್ಲಿ "ಬೇಬಿ ಬೆಟ್ಟದಲ್ಲಿ ಪರೀಕ್ಷಾರ್ಥ" ಎಂದು ಸಾಲು ಮುರಿದಿದೆ, ಮುಂದಿನ ಸಾಲು ಸ್ಫೋಟ. ಬಲ ಅಂಕಣದಲ್ಲಿ ಅಲ್ಲಿನದೇ ದನಗಳ ಜಾತ್ರೆಯ ಸುದ್ದಿ, "ಹೋರಿಗಳ ಮೆರವಣಿಗೆ". ಅಡ್ಡಲಾಗಿ ಓದಿದವನಿಗೆ ಬೇಬಿ ಬೆಟ್ಟದಲ್ಲಿ ಪರೀಕ್ಷಾರ್ಥ ಹೋರಿಗಳ ಮೆರವಣಿಗೆ ನಡೆಯುತ್ತದೆ. ನಾಳೆ ಪರೀಕ್ಷಾರ್ಥ ಹೋರಿ ತಳಿಯ ಬಗ್ಗೆ ಒಬ್ಬರು ಪ್ರಬಂಧ ಮಂಡಿಸಿದರೆ ನಾನಂತೂ ಬೆಚ್ಚಿಬೀಳುವುದಿಲ್ಲ.

ಬೇಬಿ ಬೆಟ್ಟದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಲ್ಲಿ ಕಲ್ಲು ಸಿಡಿಸಿದರೆ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯವೇ ಎಂಬುದು ನಮ್ಮ ಪಾಂಡವಪುರ ತಾಲ್ಲೂಕಿನ ಜೀವನ್ಮರಣದ ಪ್ರಶ್ನೆ. ಪರೀಕ್ಷಾರ್ಥ ಸ್ಫೋಟಕ್ಕೆ 2022ರಲ್ಲಿ ವಿಜ್ಞಾನಿಗಳು ಬಂದರು, ರೈತರು ವಾಪಸ್ ಹೋಗಿ ಅಂದರು. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿಲೋಮೀಟರಿನಲ್ಲಿ ಗಣಿಗಾರಿಕೆ ನಿಲ್ಲಿಸಲು ಹೇಳಿತು. ನಾನು ಹುಡುಗನ ಮೊಬೈಲು ಕಿತ್ತುಕೊಂಡು ಎರಡು ಸಲ ಕೇಳಿದೆ. ಮೊದಲು, ನಾನೊಬ್ಬ ರೈತ, ಸ್ಫೋಟದಿಂದ ಅಣೆಕಟ್ಟೆಗೆ ಅಪಾಯ ಇದೆಯಲ್ಲವೇ ಅಂತ. ಇದೆ, ನಿಮ್ಮ ಆತಂಕ ಸಹಜ, ಸಂಶೋಧನೆಗಳು ಇದನ್ನೇ ಹೇಳುತ್ತವೆ ಎಂದಿತು. ಆಮೇಲೆ ಹೊಸದಾಗಿ ಶುರುಮಾಡಿ, ನಾನು ಕ್ರಷರ್ ಮಾಲೀಕ, ವೈಜ್ಞಾನಿಕವಾಗಿ ಸಿಡಿಸಿದರೆ ಏನೂ ಆಗುವುದಿಲ್ಲ ತಾನೇ ಅಂತ. ಆಗುವುದಿಲ್ಲ, ನಿಮ್ಮ ತಿಳಿವಳಿಕೆ ಸರಿಯಾಗಿದೆ, ಸಂಶೋಧನೆಗಳು ಇದನ್ನೇ ಹೇಳುತ್ತವೆ ಎಂದಿತು. ಇಷ್ಟು ದಿನ ಈ ಕೆಲಸ ಮಾಡಿಸಲು ಎರಡು ತಜ್ಞ ಸಮಿತಿ ರಚಿಸಬೇಕಿತ್ತು, ಎರಡಕ್ಕೂ ಗಾಡಿ, ಭತ್ಯೆ ಕೊಡಬೇಕಿತ್ತು. ಸರ್ಕಾರಕ್ಕೆ ಇದರಿಂದ ಆಗುವ ಉಳಿತಾಯವನ್ನು ಹಣಕಾಸು ಇಲಾಖೆ ಗಮನಿಸಬೇಕು.

ಅದಕ್ಕೆ ನಮ್ಮೂರು ಗೊತ್ತೇ ಇಲ್ಲ ಎಂಬುದು ಇನ್ನೊಂದು ಸಂಕಟ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಅಂತ ಹೆಸರಿತ್ತು, ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂದರು. ಮೂರೂ ಒಂದೇ ಊರು ಅಂತ ತಿಳಿಯದ ಯಂತ್ರ ಹುಡುಗನ ಅಧ್ಯಾಯದಲ್ಲಿ ಫ್ರೆಂಚ್ ರಾಕ್ಸಿನ ಕಬ್ಬನ್ನು ಫ್ರಾನ್ಸ್ ದೇಶದ ಲೆಕ್ಕಕ್ಕೆ ಬರೆದಿತ್ತು. ಇಂಡಾಫ್ ರಾಗಿ ಬಗ್ಗೆ ಕೇಳಿದರೆ ಇಂಡಿಯನ್ ಏರ್ ಫೋರ್ಸ್ ಅಂದಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಆ ತಳಿ ತೆಗೆದರು, ಎರಡರ ಹೆಸರೂ ಕೂಡಿ ಇಂಡಾಫ್ ಆಯಿತು. ರಾಗಿ ತೆನೆಯ ಹೂವು ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅಂಥ ಹೂವಿನ ಮುಂದೆ ವರ್ಷಗಟ್ಟಲೆ ಬಗ್ಗಿ ಕೂತವರ ಬೆನ್ನುನೋವಿನ ಸಾರಾಂಶ ವಾಯುಸೇನೆಗೆ ಹೋಯಿತು.

ಇದರಲ್ಲಿ ನಮ್ಮ ಪಾಲೂ ಇದೆ. ಕನ್ನಡದಲ್ಲಿ ಸಂಶೋಧನೆ ಆಗಿಲ್ಲವೇ? ಆಗಿದೆ, ಎದೆ ಮಟ್ಟಕ್ಕೆ ರಾಶಿ ಬಿದ್ದಿದೆ. ಪ್ರಬಂಧಗಳನ್ನು ಶೋಧಗಂಗಾ ಎಂಬ ಜಾಲತಾಣಕ್ಕೆ ಏರಿಸಿಯೂ ಇದ್ದಾರೆ. ಆದರೆ ಬಹಳಷ್ಟು ಬೆರಳಚ್ಚಾದದ್ದು ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ, ಯೂನಿಕೋಡ್ ಅಲ್ಲ. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿನ ಹೊಟ್ಟೆಯೊಳಗೆ ಇಂಗ್ಲಿಷ್ ಅಕ್ಷರಗಳ ತಲೆಗೆ ಟೋಪಿ, ಕಾಲಿಗೆ ಬಾಲ ಕಟ್ಟಿದ ಗಜಿಬಿಜಿ. ಇನ್ನು ಕೆಲವು ಬರೀ ಫೋಟೊ. ಅದೇ ಹೊಯ್ಸಳರ ಶಾಸನದ ಕಲ್ಲನ್ನು ಶಾಸನತಜ್ಞ ಬಿ.ಎಲ್. ರೈಸ್ ಓದಿಸಿ ಅಚ್ಚು ಹಾಕಿಸಿದರು, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆಯ ಶಾಸನಗಳೆಲ್ಲ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ನೂರು ವರ್ಷದಿಂದ ಓದಲು ಸಿಗುತ್ತವೆ. ಇಪ್ಪತ್ತು ವರ್ಷದ ಹಿಂದಿನ ಪ್ರಬಂಧವನ್ನು ಓದಲು ಮಾತ್ರ ಆ ಫಾಂಟು ಇರುವ ಕಂಪ್ಯೂಟರ್ ಯಾವ ಡಿಟಿಪಿ ಅಂಗಡಿಯಲ್ಲಿದೆ ಅಂತ ವಿಚಾರಿಸಬೇಕು. ಹನ್ನೆರಡನೇ ಶತಮಾನದ ಕಲ್ಲುಕುಟಿಗನಿಗೆ ಇದ್ದ ಮುಂದಾಲೋಚನೆ ನಮ್ಮ ವಿಶ್ವವಿದ್ಯಾಲಯಗಳಿಗೆ ಇರಲಿಲ್ಲ.

ಯಂತ್ರದಿಂದ ಉಪಕಾರವೇ ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು 2025ರಿಂದ ಸರ್ಕಾರಿ ಕಾಲೇಜುಗಳಿಗೂ ತೆರೆದಿದೆ. ಅಷ್ಟರಲ್ಲಿ ಯಾವುದು ತನಗೆ ಬೇಕು ಎಂದು ಹಳ್ಳಿಯ ಹುಡುಗಿಯೊಬ್ಬಳು ಕನ್ನಡದಲ್ಲಿ ಕೇಳಿ ದಾರಿ ಹಿಡಿದರೆ ನನಗೆ ಸಂತೋಷವೇ. ದಾರಿ ತೋರಿಸಿದವನ ಮಾತು ಕೇಳಿ ಹೋಗಬೇಕು. ಅವನೇ ಹೋಗಿ ಬಂದು ಪ್ರಸಾದ ಕೊಡುತ್ತೇನೆ ಅಂದರೆ ಅನುಮಾನಪಡಬೇಕು.

ಆ ಸಂಜೆ ಹುಡುಗನ ಕೈ ಹಿಡಿದು ಆಲೆಮನೆಗೆ ಎಳೆದುಕೊಂಡು ಹೋದೆ. ಹದ ನೋಡುವ ಹಿರಿಯರು ಕೊಪ್ಪರಿಗೆ ಮುಂದೆ ಇದ್ದರು. ಅವರ ಮುಂದೆ ಇವನು ತನ್ನ ಅಧ್ಯಾಯ ಓದಿದ. ಪಾಕ ಯಾವ ಉಷ್ಣತೆಗೆ ಬಂದಾಗ ಇಳಿಸಬೇಕು ಎಂಬ ಕಡೆ ಬಂದಾಗ ಅವರು ಕೈ ಎತ್ತಿದರು.

"ಅಷ್ಟೊತ್ಗೆ ಇಳ್ಸುದ್ರೆ ಬೆಲ್ಲ ಆಗಾಕಿಲ್ಲ ಕಣಪ್ಪ, ಜೋನಿ ಆಯ್ತದೆ. ಯಾರಪ್ಪ ಯೋಳ್ದೋರು?"

"ಇನ್ನೂರು ಜನ ಹೇಳವ್ರೆ ತಾತ."

"ಅವ್ರಲ್ಲಿ ಒಬ್ನಾದ್ರೂ ಬೆಲ್ಲ ಕಾಸವ್ನಾ?"

ಹುಡುಗ ಮೊಬೈಲು ನೋಡಿದ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ತಾತ ಅವನ ಅಂಗೈಗೆ ಬಿಸಿ ಪಾಕ ಒಂದಿಷ್ಟು ಎಲೆ ಮೇಲೆ ಇಟ್ಟುಕೊಟ್ಟರು. ತಿಂದ. ಇನ್ನೊಂದಿಷ್ಟು ಕೇಳಿದ. ಆಮೇಲೆ ಅರ್ಧ ಗಂಟೆ ಬೆಂಡೆ ಗಿಡದ ಲೋಳೆ ಬಗ್ಗೆ ಕೇಳಿದ, ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಂಡ. ಸಿಗರೇಟು ಅವನದಲ್ಲವಂತೆ.

ಮಾರನೇ ದಿನ ಅರವತ್ತು ಹೆಸರಿನ ಪಟ್ಟಿ ಹಿಡಿದು ಒಂದೊಂದಾಗಿ ಹುಡುಕಲು ಕೂತ. ಇದ್ದದ್ದು ಹದಿನಾಲ್ಕು. ಅವನ್ನು ಓದಲು ವಾರ ಹಿಡಿಯಿತು, ಹದಿನಾಲ್ಕರಲ್ಲಿ ಐದು ಲೇಖನ ಅವನು ಬರೆದಿದ್ದಕ್ಕೆ ತದ್ವಿರುದ್ಧ ಹೇಳಿದ್ದವು. ಹಳೆಯ ಅಧ್ಯಾಯ ಆಗಲೇ ಮಾರ್ಗದರ್ಶಕರ ಕೈಸೇರಿತ್ತು. ತಪ್ಪಾಗಿದೆ, ವಾಪಸ್ ಕೊಡಿ, ತಿದ್ದಿಕೊಡುತ್ತೇನೆ ಎಂದು ಹೆದರಿ ಹೆದರಿ ಬರೆದ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಅಧ್ಯಾಯ ಒಪ್ಪಿತವಾಗಿದೆ, ಗ್ರಂಥಋಣ ವಿಶೇಷವಾಗಿ ಶ್ಲಾಘನೀಯ ಎಂದಿತ್ತು. ಅದರ ಮೇಲಿನ ಸಾಲು ಅಳಿಸಲು ಮರೆತಿದ್ದರು: "ಖಂಡಿತ, ವಿದ್ಯಾರ್ಥಿಯ ಅಧ್ಯಾಯಕ್ಕೆ ಪ್ರೋತ್ಸಾಹದಾಯಕ ಅಭಿಪ್ರಾಯ ಇಲ್ಲಿದೆ."